ಓದಿದೆ, ಯೋಚಿಸಿ ಹೇಳುತ್ತೇನೆ

ಇನ್ನು ಮುಂದೆ ನನ್ನ ಒಂದಕ್ಷರವೂ ಪರರ ಕಣ್ಣಿಗೆ ಬೀಳಕೂಡದು ಎಂದು ಕಳೆದ ವರ್ಷ ದೀಪಾವಳಿ ರಜೆಯಲ್ಲಿ ನಾನು ಘೋರ ಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆ ನೂರಕ್ಕೆ ನೂರು ಈಡೇರಿತು. ಪ್ರತಿಜ್ಞೆ ಮಾಡಿದವರು ಹಾಳಾಗುವುದು ಅದು ಮುರಿದಾಗ ಎಂದು ಕೇಳಿದ್ದೆ. ಈಡೇರಿಯೂ ಹಾಳಾದವನು ಬಹುಶಃ ಚಿಂಚೋಳಿ ತಾಲೂಕಿನಲ್ಲಿ ನಾನೊಬ್ಬನೇ.

ನಾನು ಸುರೇಶಕುಮಾರ, ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕ. ಪ್ರತಿಜ್ಞೆಗೆ ಕಾರಣ ನಮ್ಮ ಮುಖ್ಯ ಗುರುಗಳ ಒಂದು ಭಾಷಣ. ಅದನ್ನು ಕೇಳಿ ಬಂದವನು ಸಹೋದ್ಯೋಗಿ ಮಿತ್ರರೊಬ್ಬರಿಗೆ ಮೊಬೈಲಿನಲ್ಲಿ ಗುಟ್ಟಾಗಿ ಬರೆದೆ: ‘ಇವರ ಭಾಷಣ ಶಹಾಬಾದ್ ಫರಸಿಕಲ್ಲು ಇದ್ದಂತೆ. ಉದ್ದ, ಅಗಲ, ಭಾರ ಎಲ್ಲವೂ ಇದೆ. ಕಾಲ ಕೆಳಗೆ ಹಾಸಲಿಕ್ಕಷ್ಟೇ ಬರುತ್ತದೆ.’ ಮರುದಿನ ಮುಖ್ಯ ಗುರುಗಳು ನನ್ನನ್ನು ಕರೆಸಿ, ತಮ್ಮ ಮೊಬೈಲ್ ತೆಗೆದು, ಅದೇ ವಾಕ್ಯವನ್ನು ವಿರಾಮಚಿಹ್ನೆ ಸಮೇತ ಓದಿದರು. ಮಿತ್ರರು ಸ್ಕ್ರೀನ್‌ಶಾಟ್ ತೆಗೆದು ಕಳಿಸಿದ್ದರು. “ಉಪಮಾ ಛಲೋ ಅದ ಸುರೇಶಕುಮಾರ” ಎಂದು ಹೇಳಿ, ವರ್ಷವಿಡೀ ಬಿಸಿಯೂಟದ ಉಸ್ತುವಾರಿ ನನಗೇ ವಹಿಸಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಪೂನಮ್ ದವಾಖಾನೆಯಲ್ಲಿ ನರ್ಸ್. ರೋಗಿಗಳಿಗೂ ನನಗೂ ಒಂದೇ ದನಿಯಲ್ಲಿ ಮಾತಾಡುತ್ತಾಳೆ.

“ಈ ಆ್ಯಪೇ ಸರಿ ಇಲ್ಲ” ಎಂದೆ. “ಖಾಸಗಿ ಆ್ಯಪ್ ಬ್ಯಾರೆ ಇರ್ತಾವ. ಅಂಥಾದ್ದು ಹಾಕ್ಕೋತೀನಿ.”

“ಆ್ಯಪ್ ಏನ್ ಮಾಡ್ಯದರೀ? ಕೀಲಿ ಛಲೋನೇ ಇತ್ತು. ಒಳಗ ಕುಂತಾಂವನೇ ಬಾಗಿಲ ತೆಗದಾನ.”

ಈ ಮಾತನ್ನು ಆಗಲೇ ಕಿವಿಗೆ ಹಾಕಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಹದಿನೈದು ದಿನ ನಾನು ಓದಿದ ಓದು ಬಿ.ಎಡ್.ನಲ್ಲೂ ಓದಿರಲಿಲ್ಲ. ಖಾಸಗಿ ಸಂದೇಶದ ಲೋಕದಲ್ಲಿ ಎರಡು ಪಂಥಗಳಿವೆ ಎಂದು ತಿಳಿಯಿತು. ಒಂದು ಕೇಂದ್ರೀಕೃತ. ಅಲ್ಲಿ ಲಕೋಟೆಗೆ ಅರಗು ಹಾಕಿ ಮುಚ್ಚುತ್ತಾರೆ, ಒಳಗಿನದನ್ನು ನಡುವಿನವರು ಓದಲಾರರು. ಆದರೆ ಎಲ್ಲರ ಲಕೋಟೆಯೂ ಒಂದೇ ಕಂಪನಿಯ ಕಂಪ್ಯೂಟರಿನಿಂದ ಹಾದು ಹೋಗಬೇಕು. ಯಾರು ಯಾರಿಗೆ ಯಾವಾಗ ಬರೆದರು ಎಂಬುದು ಅವರಿಗೆ ಗೊತ್ತಾಗಬಹುದು, ನಾಳೆ ಅವರು ಅಂಗಡಿ ಮುಚ್ಚಿದರೆ ನಮ್ಮ ಬಾಯಿಯೂ ಮುಚ್ಚಿತು. ಇನ್ನೊಂದು ವಿಕೇಂದ್ರೀಕೃತ. ಅಲ್ಲಿ ಅಂಚೆಮನೆ ಒಂದಲ್ಲ, ಸಾವಿರ. ಮನಸ್ಸಿದ್ದರೆ ನಿಮ್ಮ ಮನೆಯಲ್ಲೇ ಒಂದು ತೆರೆಯಬಹುದು. ನಾನೇ ಪೋಸ್ಟ್‌ಮಾಸ್ಟರ್, ನಾನೇ ಪೋಸ್ಟ್‌ಮನ್.

ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಅಬ್ರಾರನನ್ನು ಕೇಳಿದೆ. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಸರ್, ಮೊದಲನೇದು ಹಾಕ್ಕೊಳ್ರಿ. ಅದು ಚಂದ್ರಂಪಳ್ಳಿ ಡ್ಯಾಮಿನ ನೀರು ಇದ್ದಂಗ. ಗೇಟ್ ಮಂದಿ ಕೈಯಾಗ ಅದ ಖರೆ, ಆದ್ರ ನಿಮಗ ನೀರು ಬರ್ತದ. ಎರಡನೇದು ಸ್ವಂತ ಬಾವಿ. ಹೂಳು ತೆಗಿಯೋರು ನೀವೇ, ಹಗ್ಗ ಹರದ್ರ ಕಟ್ಟೋರೂ ನೀವೇ.”

“ಬಾವೀನೇ ಇರ್ಲಿ” ಎಂದೆ.

“ಸೋಚ್ ಮಾಡ್ರಿ ಸರ್.”

“ಮಾಡೀನಿ.”

ಹೀಗೆ ಒಂದು ಹಳೆಯ ಕಂಪ್ಯೂಟರ್ ನಮ್ಮ ಪಡಸಾಲೆಗೆ ಬಂದು, ಇನ್ವರ್ಟರಿನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತಿತು. ಅದು ಹಗಲಿರುಳು ಗುಂಯ್ ಎನ್ನಬೇಕು. ಕರೆಂಟು ಹೋದರೆ ಅಂಚೆಮನೆ ಬಂದ್. ಆದ್ದರಿಂದ ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಭಾರ ಬೀಳದಂತೆ ನಾನು ಫ್ಯಾನ್ ಆರಿಸತೊಡಗಿದೆ.

“ಫ್ಯಾನ್ ಬಂದ್ ಮಾಡಿ ಆ ಡಬ್ಬಿಗಿ ಕರೆಂಟ್ ಕೊಡಾಕತ್ತೀರಿ” ಎಂದಳು ಪೂನಮ್, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ. “ಮನುಷ್ಯಾರು ಬೆವರಲಿ, ಗುಟ್ಟು ತಣ್ಣಗಿರಲಿ.”

ಅಂಚೆಮನೆಯೇನೋ ಆಯಿತು, ಬರೆಯುವವರು ಬೇಕಲ್ಲ. ಡಿಸೆಂಬರ್ ಆರಕ್ಕೆ ವಾಡಿಯಲ್ಲಿ ನನ್ನ ತಮ್ಮ ಕಪಿಲನ ಮನೆಯಲ್ಲಿ ಎಲ್ಲರೂ ಸೇರಿದೆವು. ಕಪಿಲ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಅವ್ವ ಭೀಮಬಾಯಿ ಅವನ ಜೊತೆಗೇ ಇರುತ್ತಾಳೆ. ತಂಗಿ ಲುಂಬಿನಿ ಸೇಡಂನಲ್ಲಿ ಕಾಲೇಜಿನ ಉಪನ್ಯಾಸಕಿ, ಮುಸರತ ಎಂಬ ಗೆಳತಿಯೊಂದಿಗೆ ಬಾಡಿಗೆ ಮನೆಯಲ್ಲಿದ್ದಾಳೆ. ನಾನು ಎಲ್ಲರ ಮೊಬೈಲ್ ಕೇಳಿ ತೆಗೆದುಕೊಂಡು ಹೊಸ ಆ್ಯಪ್ ಹಾಕಿದೆ. ಇದರಲ್ಲಿ ಒಂದು ಪರೀಕ್ಷೆಯುಂಟು. ಎದುರಿಗಿರುವವರು ನಿಜವಾಗಿ ಅವರೇ ಹೌದೋ ಎಂದು ತಿಳಿಯಲು ಇಬ್ಬರ ಪರದೆಯ ಮೇಲೂ ಏಳು ಚಿತ್ರಗಳು ಮೂಡುತ್ತವೆ. ಎರಡೂ ಕಡೆ ಅವೇ ಇದ್ದರೆ ಪಾಸು. ಶಿಸ್ತಿನ ಮನುಷ್ಯನಾದ ನಾನು ಅದನ್ನು ಊರಿಗೆ ಮರಳಿದ ಮೇಲೆ ಫೋನ್ ಮಾಡಿ ನಡೆಸಿದೆ.

“ಅವ್ವಾ, ಏನೇನು ಕಾಣಸ್ತದ, ಹೇಳು.”

“ಆನಿ. ಛತ್ರಿ. ಹುಂಜ. ಮೆಕ್ಕಿಜ್ವಾಳದ ತೆನಿ.”

“ಮುಂದ?”

“ಪಾತಾಳಗರಡಿ.”

“ಅದ್ಯಾವುದು?”

“ಬಾವ್ಯಾಗ ಬಿದ್ದ ಕೊಡ ತೆಗೀತಾರಲ್ಲೋ, ಕೊಕ್ಕಿ ಕೊಕ್ಕಿ ಇರ್ತದ.”

ನನ್ನ ಪರದೆಯ ಮೇಲೆ ಹಡಗಿನ ಲಂಗರು ಇತ್ತು. ಅದೂ ಇದೂ ಒಂದೆಯೇ ಎಂದು ನಾನು ಯೋಚಿಸುತ್ತಿರುವಾಗ ಅವ್ವ ಕೇಳಿದಳು, “ಸುರೇಶಾ, ನಾ ನಿಮ್ಮವ್ವ ಹೌದೋ ಅಲ್ಲೋ ಅಂತ ಆನಿ, ಛತ್ರಿ ಸಾಕ್ಷಿ ಹೇಳ್ಬೇಕೇನೋ?”

ಅವಳು ಮತ್ತೆ ಆ ಆ್ಯಪ್ ತೆರೆಯಲಿಲ್ಲ. ಕಪಿಲ ಎಂಟು ದಿನಕ್ಕೆ ತೆಗೆದುಹಾಕಿದ. ನಾನು ಸಿಟ್ಟಿಗೆದ್ದು, ನನ್ನನ್ನು ಮಾತಾಡಿಸಬೇಕಾದವರು ಇದರಲ್ಲೇ ಮಾತಾಡಿಸಲಿ ಎಂದು ಹಳೆಯ ಆ್ಯಪನ್ನು ಕಿತ್ತೊಗೆದೆ. “ಫೋನಿನಲ್ಲಿ ಮಾತಾಡಿದರೂ ಕೇಳುವವರಿರುತ್ತಾರೆ” ಎಂದು ಹೇಳಿ ಫೋನ್ ಮಾಡಿದವರಿಗೂ ಅರ್ಧ ಗಂಟೆ ಉಪದೇಶ ಮಾಡತೊಡಗಿದೆ. ನನ್ನ ಅಂಚೆಮನೆಯ ಬುರುಜನ್ನು ಯಾರೂ ಒಡೆಯಲಾರರು, ಅಲ್ಲಿ ಒಂದಕ್ಷರವೂ ಕಳೆಯದು ಎಂದು ಎಲ್ಲರ ಮುಂದೆ ಎದೆ ತಟ್ಟಿದ್ದೆ. ಉಳಿದ ಗಿರಾಕಿ ಒಬ್ಬಳೇ, ಲುಂಬಿನಿ. ನನ್ನ ಮಾತು ಅರ್ಥ ಮಾಡಿಕೊಂಡ ಏಕೈಕ ವ್ಯಕ್ತಿ ಎಂದು ಬೀಗಿದೆ. ಅವಳಿಗೆ ಗುಟ್ಟಿನ ಅಗತ್ಯ ನಿಜವಾಗಿ ಇದ್ದಿತು ಎಂಬುದು ನನಗೆ ಹೊಳೆಯಲಿಲ್ಲ.

ಮಾರ್ಚ್ ತಿಂಗಳು ಬಂತು. ಜೇಬಿನಲ್ಲಿದ್ದ ಮೊಬೈಲ್ ಬಿಸಿಯಾಗುತ್ತಿತ್ತು. ಮೊಬೈಲ್ ಬಿಸಿಯಾದರೆ ಒಳಗೆ ಗೂಢಚಾರ ಹೊಕ್ಕಿರಬಹುದು ಎಂದು ಎಲ್ಲೋ ಓದಿದ್ದೆ. ಮಾರ್ಚಿನಲ್ಲಿ ನಮ್ಮ ಕಡೆ ಕೊಡದ ನೀರೂ ಬಿಸಿಯಾಗಿರುತ್ತದೆ ಎಂಬುದು ಮರೆತೇಹೋಯಿತು. ಒಂದು ಭಾನುವಾರ ಬೆಳಿಗ್ಗೆ ಎದ್ದವನೇ ಮೊಬೈಲನ್ನು ಪೂರಾ ಅಳಿಸಿ, ಹೊಸದರಂತೆ ಮಾಡಿಬಿಟ್ಟೆ. ಮತ್ತೆ ಆ್ಯಪ್ ಹಾಕಿದಾಗ ಅದು ಕೇಳಿತು: ನಿಮ್ಮ ಕೀಲಿ ಎಲ್ಲಿ?

ಹಳೆಯ ಸಂದೇಶಗಳ ಬೀಗ ತೆಗೆಯಲು ಉದ್ದನೆಯ ಒಂದು ಅಕ್ಷರಮಾಲೆ ಬೇಕು. ಅದನ್ನು ಭದ್ರವಾಗಿ ಇಟ್ಟುಕೊಳ್ಳಬೇಕು ಎಂದು ಅಬ್ರಾರ ಮೂರು ಸಲ ಹೇಳಿದ್ದ. ನಾನು ಭದ್ರವಾಗಿಯೇ ಇಟ್ಟಿದ್ದೆ. ಆ ಮೊಬೈಲಿನಲ್ಲೇ.

ಅಬ್ರಾರ ಕೇಳಿ, ಮೊಬೈಲನ್ನು ತಿರುಗಿ ನನ್ನ ಕೈಗೇ ಕೊಟ್ಟ. “ತಿಜೋರಿ ಕೀಲಿ ತಿಜೋರಿ ಒಳಗಿಟ್ಟು ಬಾಗಿಲ ಎಳಕೊಂಡ್ರಿ ಸರ್.”

“ಏನೂ ಮಾಡ್ಲಿಕ್ಕೆ ಬರಂಗಿಲ್ಲೇನು?”

“ಯಾರ ಕೈಲೂ ತೆಗಿಯಾಕ ಆಗ್ಬಾರ್ದು ಅಂತನೇ ಅಲ್ರೀ ನೀವು ಹಾಕಿಸಿದ್ದು? ಆ ಯಾರು ಅಂದ್ರ ಅದ್ರಾಗ ನೀವೂ ಬರ್ತೀರಿ.”

ಹಳೆಯ ಸಂದೇಶ ಹೋದರೆ ಹೋಗಲಿ ಎಂದುಕೊಂಡೆ. ಆದರೆ ಅಂದು ಬೆಳಿಗ್ಗೆ, ನಾನು ಮೊಬೈಲ್ ಅಳಿಸುವುದಕ್ಕೆ ಸ್ವಲ್ಪ ಮುಂಚೆ, ಲುಂಬಿನಿಯ ಒಂದು ಸಂದೇಶ ಬಂದಿತ್ತು, ನಾನು ನೋಡಿರಲಿಲ್ಲ. ಈಗ ಅದರ ಜಾಗದಲ್ಲಿ ಬೂದು ಬಣ್ಣದ ಒಂದು ಚೌಕ. ಈ ಸಂದೇಶವನ್ನು ತೆರೆಯಲಾಗುತ್ತಿಲ್ಲ ಎಂಬ ಒಂದು ಸಾಲು.

ಬುದ್ಧಿಯಿದ್ದವನು ಏನು ಮಾಡುತ್ತಿದ್ದ? ತಂಗಿಗೆ ಫೋನ್ ಮಾಡಿ, “ಏನ್ ಬರದಿದ್ದೆವ್ವಾ, ಓದ್ಲಿಕ್ಕೆ ಬರವಲ್ದು” ಎನ್ನುತ್ತಿದ್ದ. ನಾಲ್ಕು ಶಬ್ದ. ಆದರೆ ಆ ನಾಲ್ಕು ಶಬ್ದ ಆಡಿದರೆ ಕಪಿಲನಿಗೆ ಗೊತ್ತಾಗುತ್ತದೆ. ಕಪಿಲ ನಗುತ್ತಾನೆ. ಒಂದಕ್ಷರವೂ ಕಳೆಯದ ನನ್ನ ಅಂಚೆಮನೆ ಮೊದಲ ಬೇಸಿಗೆಯಲ್ಲೇ ಬಿತ್ತು ಎಂದು ವಾಡಿ ಸ್ಟೇಷನ್ನಿಗೆಲ್ಲ ಹೇಳುತ್ತಾನೆ. ಏನಿದ್ದೀತು, ಅವಳು ಸ್ಕೂಟಿ ತೆಗೆದುಕೊಳ್ಳುವ ಮಾತು ಬಹಳ ದಿನದಿಂದ ನಡೆದಿತ್ತು, ಅದೇ ಇರಬೇಕು ಎಂದು ಲೆಕ್ಕ ಹಾಕಿದೆ. ಗಂಭೀರವಾಗಿ ಬರೆದೆ: ‘ಓದಿದೆ. ಯೋಚಿಸಿ ಹೇಳುತ್ತೇನೆ.’

ಅವಳ ಉತ್ತರ ತಕ್ಷಣ ಬಂತು: ‘ಆಯ್ತಣ್ಣಾ. ಕಾಯ್ತೀನಿ. ಯಾರ ಮುಂದೂ ಹೇಳಬ್ಯಾಡ.’

ಆ ಗುಟ್ಟನ್ನು ನಾನು ಕಾಪಾಡಿದಷ್ಟು ನಿಷ್ಠೆಯಿಂದ ಈ ಭೂಮಿಯ ಮೇಲೆ ಯಾರೂ ಕಾಪಾಡಿರಲಾರರು.

ಎರಡು ವಾರದ ನಂತರ ಮತ್ತೊಂದು: ‘ವಿಚಾರ ಮಾಡಿದ್ಯಾ ಅಣ್ಣಾ?’ ನಾನು ಸ್ಕೂಟಿಯನ್ನು ಕಣ್ಣಮುಂದೆ ತಂದುಕೊಂಡೆ. ಸೇಡಂ ರಸ್ತೆಯ ಸಿಮೆಂಟ್ ಲಾರಿಗಳನ್ನೂ ತಂದುಕೊಂಡೆ. ಬರೆದೆ: ‘ಅವಸರ ಬೇಡ. ಇಂಥ ವಿಷಯದಲ್ಲಿ ದುಡುಕಬಾರದು. ನಾಲ್ಕು ಜನ ಏನೆನ್ನುತ್ತಾರೆ ಕೇಳು.’

ಆಮೇಲೆ ಅವಳಿಂದ ಏನೂ ಬರಲಿಲ್ಲ. ಏಪ್ರಿಲ್ ಹೋಯಿತು, ಮೇ ಹೋಯಿತು. ನನ್ನ ಅಂಚೆಮನೆ ಗುಂಯ್ ಎನ್ನುತ್ತಲೇ ಇತ್ತು. ಅಷ್ಟರಲ್ಲಿ ಮನೆಯಲ್ಲಿ ಪೂನಮ್ ಮಾತು ಕಡಿಮೆಯಾಯಿತು. ಊಟ ಬಡಿಸುವಾಗ ರೊಟ್ಟಿ ಬೀಳುವ ಸದ್ದು ಜಾಸ್ತಿಯಾಯಿತು. ಫ್ಯಾನಿನ ಸಿಟ್ಟು ಇರಬೇಕೆಂದು ಒಂದು ದಿನ ಫ್ಯಾನ್ ಹಾಕಿ ಕಂಪ್ಯೂಟರನ್ನೇ ಆರಿಸಿದೆ. ಅವಳು ಒಮ್ಮೆ ಫ್ಯಾನ್ ನೋಡಿ, ಒಮ್ಮೆ ನನ್ನನ್ನು ನೋಡಿ, “ಕಲ್ಲ ಅದೀರಿ ನೀವು” ಎಂದು ಒಳಗೆ ಹೋದಳು.

ಆಗಸ್ಟಿನ ಒಂದು ಸೋಮವಾರ. ನಾನು ಶಾಲೆಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದೆ. ಪೂನಮ್ ಹಸಿರು ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು.

“ಸೇಡಂಗ ಹೋಗಾಕತ್ತೀನಿ” ಎಂದಳು. “ಬರೋದು ಬಿಡೋದು ನಿಮಗ ಬಿಟ್ಟಿದ್ದು. ಇಷ್ಟ ದಿನ ನಾನೂ ಬಾಯಿ ಮುಚಗೊಂಡಿದ್ದೆ, ಇವತ್ತ ಹೇಳದೆ ಹೋಗಾಕ ಮನಸ್ಸಾಗಲಿಲ್ಲ.”

“ಏನದ ಸೇಡಂದಾಗ?”

“ಸಾಕು ಮಾಡ್ರಿ. ಲುಂಬಿನಿದು ರಿಜಿಸ್ಟರ್ ಲಗ್ನ ಅದಂತ ನಿಮಗ ಗೊತ್ತಿಲ್ಲೇನು?”

“ಯಾರ ಜೋಡಿ? ನನಗ ಯಾರೂ ಹೇಳಿಲ್ಲ.”

“ಎಲ್ಲಾರ್ಕಿಂತ ಮೊದಲ ನಿಮಗೇ ಹೇಳ್ಯಾಳ. ಮಾರ್ಚ್ ದಾಗ. ಉದ್ದನೇ ಪತ್ರ ಬರದಂಗ ಬರದಾಳಂತ. ನೀವು ‘ದುಡುಕಬಾರದು’ ಅಂದ್ರಂತ. ‘ನಾಲ್ಕು ಜನ ಏನಂತಾರ ಕೇಳು’ ಅಂದ್ರಂತ.”

ನಾನು ಎಲ್ಲವನ್ನೂ ಹೇಳಿದೆ. ಬಿಸಿಯಾದ ಮೊಬೈಲ್, ಕಳೆದ ಕೀಲಿ, ಬೂದು ಚೌಕ, ಸ್ಕೂಟಿ. ಪೂನಮ್ ನಗುತ್ತಾಳೆಂದು ಕಾದೆ. ನಕ್ಕಿದ್ದರೆ ಒಳ್ಳೆಯದಿತ್ತು. ಅವಳು ಮಂಚದ ಅಂಚಿಗೆ ಕುಳಿತುಬಿಟ್ಟಳು.

“ಓದೇ ಇಲ್ಲ?”

“ಓದ್ಲಿಕ್ಕೆ ಬರ್ಲಿಲ್ಲ.”

“ಮತ್ತ ‘ಓದಿದೆ’ ಅಂತ ಯಾಕ ಬರದ್ರಿ?”

ಶಾಲೆಯಲ್ಲಿ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿ ಎಷ್ಟೋ ಪ್ರಶ್ನೆ ಕೇಳಿದ್ದೇನೆ. ಉತ್ತರ ಗೊತ್ತಿದ್ದೂ ಬಾಯಿ ಬರದ ಹುಡುಗ ಹೇಗಿರುತ್ತಾನೆ ಎಂದು ಆಗ ತಿಳಿಯಿತು.

ರಜೆ ಅರ್ಜಿ ಕಳಿಸಿ ಬಸ್ಸು ಹತ್ತಿದೆ. ಉಳಿದ ಕಥೆಯನ್ನು ಪೂನಮ್ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಹುಡುಗ ಅಂಬರೇಶ. ಚಿತ್ತಾಪುರದ ಪಶು ಆಸ್ಪತ್ರೆಯಲ್ಲಿ ಕೆಲಸ. ಕಾಗಿಣಾ ನದಿ ದಂಡೆಯ ಊರಿನವನು, ಅವರ ಅಜ್ಜ ಮುತ್ತಜ್ಜಂದಿರು ಹೊಳೆಯಲ್ಲಿ ಬಲೆ ಹಾಕಿದವರು. ನಮ್ಮ ಮನೆಯಲ್ಲಿ ಯಾರೂ ದೊಡ್ಡದಾಗಿ ಬೇಡ ಎನ್ನಲಿಲ್ಲ. ಅಂಬರೇಶನ ತಂದೆ ಬಸವಂತರಾಯರು ಮಾತ್ರ ಹುಡುಗಿ ಯಾವ ಜನ ಎಂದು ಕೇಳಿ ತಿಳಿದವರು, ಒಂದು ತಿಂಗಳು ಮಗನೊಂದಿಗೆ ಮಾತಾಡಲಿಲ್ಲ.

“ಕಡೀಕ ಅತ್ತಿನೇ ಹೋದ್ರು” ಎಂದಳು ಪೂನಮ್. “ವಾಡಿಯಿಂದ ಒಬ್ಬಾಕಿನೇ ಬಸ್ ಹತ್ತಿ, ಹೇಳದೆ ಕೇಳದೆ ಅವರ ಮನಿ ಬಾಗಿಲಿಗಿ ಹೋಗಿ ನಿಂತ್ರಂತ.”

“ಏನಂದ್ಳು?”

“ಭಾಳ ಬಿಸಲು, ಮೊದಲ ಕುಡ್ಯಾಕ ನೀರು ಕೊಡ್ರಿ, ಆಮ್ಯಾಲ ಮಾತಾಡೂನು, ಅಂದ್ರಂತ.”

ನಮ್ಮವ್ವ ಚಿಮ್ಮನಚೋಡದಲ್ಲಿ ಹುಡುಗಿಯಾಗಿದ್ದಾಗ ಯಾರ ಮನೆಯ ಬಾಗಿಲಲ್ಲಿ ಹೇಗೆ ನೀರು ಕುಡಿದಿದ್ದಳು, ಬೊಗಸೆಗೆ ಎಷ್ಟು ಎತ್ತರದಿಂದ ನೀರು ಬೀಳುತ್ತಿತ್ತು ಎಂಬುದನ್ನು ನನಗೆ ಹೇಳಿದ್ದಾಳೆ.

“ಒಂದು ಗಳಿಗಿ ಯಾರೂ ಅಲುಗಾಡ್ಲಿಲ್ಲಂತ. ಆಮ್ಯಾಲ ಅಂಬರೇಶನ ಅಕ್ಕ ಅಂಬಿಕಾ ಒಳಗಿಂದ ಹಿತ್ತಾಳಿ ಲೋಟ ತಂದು ಕೈಯಾಗ ಕೊಟ್ಳಂತ. ಅತ್ತಿ ಪೂರಾ ಕುಡದು, ಲೋಟ ಬಸವಂತರಾಯರ ಆರಾಮ ಕುರ್ಚಿ ಮ್ಯಾಲೆ ಇಟ್ಟು, ‘ಈಗ ಹೇಳ್ರಿ’ ಅಂದ್ರಂತ.”

“ಯಾವಾಗ ಇದು?”

“ಜೂನ್ ಹದಿನೈದು. ಐತವಾರ.”

ಆ ಭಾನುವಾರ ನನಗೆ ಚೆನ್ನಾಗಿ ನೆನಪಿತ್ತು. ಹಿರಿಯ ಮಗನಾದ ನಾನು ಅವ್ವನ ಪಕ್ಕದಲ್ಲಿ ಆ ಬಾಗಿಲಲ್ಲಿ ನಿಂತಿರಬೇಕಿದ್ದ ಹೊತ್ತಿನಲ್ಲಿ, ಪಡಸಾಲೆಯಲ್ಲಿ ನೆಲಕ್ಕೆ ಕುಳಿತು ಅಂಚೆಮನೆಯ ಹೊಸ ಅಪ್‌ಡೇಟ್ ಹಾಕುತ್ತಿದ್ದೆ. ಅದು ಸರಿಯಾಗಿ ಆಯಿತೆಂದು ಸಂಜೆ ಪೂನಮ್‌ಗೆ ಚಹಾ ಮಾಡಿಕೊಟ್ಟಿದ್ದೆ. ಅವಳು ಕುಡಿದಿರಲಿಲ್ಲ.

“ನೀನಾದ್ರೂ ಹೇಳ್ಬಾರ್ದಿತ್ತೇನು?”

“ನಿಮಗ ಗೊತ್ತದ, ಗೊತ್ತಿದ್ದೂ ಸುಮ್ಮ ಕುಂತೀರಿ ಅಂತ ತಿಳಕೊಂಡಿದ್ದೆ. ಅಕಿ ಆಣಿ ಹಾಕಿದ್ಳು. ಅಣ್ಣಗ ಮನಸ್ಸಿಲ್ಲ, ಅವನ ಮುಂದ ತೆಗೀಬ್ಯಾಡ್ರಿ ವೈನಿ, ಅಂತ. ಎಲ್ಲಾ ಮಾತು ಹಳೇ ಆ್ಯಪಿನಾಗೇ ಆತು. ಗುಂಪು ಮಾಡೀವಿ.”

“ಗುಂಪಿನಾಗ ಯಾರ್ಯಾರು ಅದೀರಿ?”

“ಎಲ್ಲಾರೂ.”

ಸೇಡಂನ ಉಪನೋಂದಣಿ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಎಲ್ಲರೂ ನಿಂತಿದ್ದರು. ಕಪಿಲ ಒಬ್ಬನೇ ಹತ್ತಿರ ಬಂದ. ಪೂನಮ್ ದಾರಿಯಲ್ಲೇ ಅವನಿಗೆ ಬರೆದು ತಿಳಿಸಿದ್ದಳು, ಹಳೆಯ ಆ್ಯಪಿನಲ್ಲಿ.

ಅವನು ನಗಲಿಲ್ಲ. ಐದು ತಿಂಗಳು ಯಾವ ನಗೆಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಆ ನಗೆ ಬರಲೇ ಇಲ್ಲ. ಕಚೇರಿಯ ನೋಟಿಸ್ ಬೋರ್ಡಿನ ಕಡೆ ಬೆರಳು ತೋರಿಸಿ, “ಲಗ್ನದ ನೋಟಿಸ್ ಒಂದು ತಿಂಗಳು ಅಲ್ಲಿ ಹಚ್ಚಿತ್ತಣ್ಣಾ” ಎಂದ. “ಇಬ್ಬರ ಹೆಸರು, ಊರು, ವಯಸ್ಸು. ಬಂದಾವ್ರು ಹೋದಾವ್ರು ಓದ್ಯಾರ.”

ಲುಂಬಿನಿ ಬಿಳಿ ಸೀರೆಯಲ್ಲಿದ್ದಳು. ಅವಳನ್ನು ಗೋಡೆಯ ಮರೆಗೆ ಕರೆದು ಎಲ್ಲ ಹೇಳಿದೆ. ನೆಲ ನೋಡಿಕೊಂಡು ಹೇಳಿದೆ.

“ಮೂರು ದಿನ ಕುಂತು ಬರದಿದ್ದೆ ಅಣ್ಣಾ” ಎಂದಳು ಕೊನೆಗೆ.

“ಏನ್ ಬರದಿದ್ದಿ ಅವ್ವಾ? ಈಗರೆ ಹೇಳು.”

“ಈಗ ಹೇಳಿ ಏನ್ ಮಾಡ್ಲಿ?”

“ನನಗ ಗೊತ್ತಾಗ್ಲಿ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಉಳದದ್ದು ನೆನಪಿಲ್ಲ. ಕಡೀಕ ಒಂದು ಸಾಲು ಬರದಿದ್ದೆ. ನೀ ಬ್ಯಾಡ ಅಂದ್ರ ನಾ ಇದನ್ನ ಇಲ್ಲಿಗೇ ಬಿಟ್ಟುಬಿಡ್ತೀನಿ ಅಂತ. ನೀ ದುಡುಕಬಾರದು ಅಂದಿ. ಎರಡು ತಿಂಗಳು ಅವನ ಜೋಡಿ ಮಾತು ಬಿಟ್ಟಿದ್ದೆ. ಅವ ದಿನಾ ಕಾಲೇಜಿನ ಗೇಟಿಗಿ ಬಂದು ನಿಂತು ಹೋಗ್ತಿದ್ದ. ಮುಸರತ ಅವ್ವಗ ಫೋನ್ ಮಾಡ್ಲಿಲ್ಲಂದ್ರ ಇವತ್ತು ಈ ಲಗ್ನ ಇರ್ತಿರಲಿಲ್ಲ.”

ಅಷ್ಟರಲ್ಲಿ ಒಳಗಿನಿಂದ ಅವರ ಹೆಸರು ಕೂಗಿದರು. ಲುಂಬಿನಿ ನನ್ನ ಅಂಗಿಯ ಕೊರಳ ಪಟ್ಟಿ ಒಂದು ಕಡೆ ಮಡಚಿದ್ದನ್ನು ಸರಿ ಮಾಡಿ, “ಬಾ, ಒಳಗ ಹೋಗೂನು” ಎಂದಳು.

ಒಳಗೆ ಅಧಿಕಾರಿಗಳು ರಿಜಿಸ್ಟರ್ ತಿರುವಿ ಹಾಕಿದರು. ಅಂಬರೇಶ ಸಹಿ ಮಾಡಿದ. ಲುಂಬಿನಿ ಮಾಡಿದಳು. ಮೂವರು ಸಾಕ್ಷಿಗಳು ಬೇಕಿತ್ತು. ಕಪಿಲ ಸಹಿ ಮಾಡಿದ. ಪೂನಮ್ ಮಾಡಿದಳು. ಮುಸರತ ಮಾಡಿದಳು. ಅವ್ವ ಬಸವಂತರಾಯರ ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದಳು. ನಾನು ಎಲ್ಲರಿಗಿಂತ ಮುಂದೆ, ಟೇಬಲ್ಲಿನ ಅಂಚಿಗೆ ನಿಂತಿದ್ದೆ. ಮನೆಯ ಹಿರಿಯ ನಿಲ್ಲುವ ಜಾಗ ಅದೇ ಎಂದು ಕಾಲು ತಾನಾಗಿಯೇ ಅಲ್ಲಿಗೆ ಒಯ್ದಿತ್ತು.

ಅಧಿಕಾರಿಗಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಇವರೂ ಸಾಕ್ಷಿ ಏನ್ರಿ?”

“ಅಲ್ರಿ” ಎಂದಳು ಲುಂಬಿನಿ. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ನಮ್ಮ ದೊಡ್ಡಣ್ಣ. ಅವರಿಗಿ ಇದೇನೂ ಗೊತ್ತಿಲ್ರಿ.”

“ಹಂಗಾದ್ರ ಸ್ವಲ್ಪ ಬಾಜೂಕ ಸರೀರಿ ಸರ್” ಎಂದರು ಅವರು. “ಗೊತ್ತಿದ್ದಾವ್ರದು ಫೋಟೋ ತೆಗೀಬೇಕು.”

ನಾನು ಸರಿದೆ.